ಜರಡಿಯ ದನಿ

ಅಕ್ಷಯ ಹೊಸದಾಗಿ ಬರೆದ ‘ಜರಡಿ’ ಅರ್ಧ ನಿಮಿಷದೊಳಗೆ ಕೆಲಸ ಮುಗಿಸಿದಾಗ ಮೀಟಿಂಗ್ ರೂಮಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವೇದವತಿಯೂ ತಟ್ಟಿದರು. ಹಳೆಯ ಜರಡಿಯನ್ನು ಪೈಥಾನ್ ಭಾಷೆಯಲ್ಲಿ ಬರೆದು ಅದಕ್ಕೆ ಆ ಹೆಸರಿಟ್ಟವರು ಅವರೇ. ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಅದೊಂದು ಪದ ಟೈಪ್ ಮಾಡಿದರೆ ಸಾಕು, ಪ್ರೋಗ್ರಾಮರ್ ಬರೆದದ್ದನ್ನೆಲ್ಲ ಸೋಸಿ ತಪ್ಪುಗಳನ್ನು ಸರಳ ಸಾಲುಗಳಲ್ಲಿ ಬರೆದು ತೋರಿಸುತ್ತಿತ್ತು. ಆದರೆ ಕಂಪನಿ ಬೆಳೆದ ಹಾಗೆ ಅದು ನಿಧಾನವಾಗುತ್ತ ಹೋಗಿ, ಈಗೀಗ ಜನ ಟೈಪ್ ಮಾಡಿಟ್ಟು ಚಹಾಕ್ಕೆ ಎದ್ದುಹೋಗುತ್ತಿದ್ದರು. ಅಕ್ಷಯ ಅದನ್ನು ರಸ್ಟ್ ಎಂಬ ಬೇರೊಂದು ಭಾಷೆಯಲ್ಲಿ ಬುಡದಿಂದ ಮತ್ತೆ ಬರೆದಿದ್ದ. ಪರದೆಯ ಮೇಲೆ ಓಡುವ ಪಟ್ಟಿ, ತಿರುಗುವ ಚಕ್ರ, ಪಾಸಾದರೆ ಹಸಿರು ಚುಕ್ಕೆ, ಫೇಲಾದರೆ ಕೆಂಪು. “ಸೋಮವಾರದಿಂದ ಹಳೆಯದು ಬಂದ್,” ಎಂದರು ಮ್ಯಾನೇಜರ್.

“ಭಾಳ ಛಲೋ ಮಾಡೀಯೋ, ಅಕ್ಷಯ,” ಎಂದು ವೇದವತಿ ಹೊರಗೆ ಬಂದಮೇಲೆ ಅವನ ಬೆನ್ನು ತಟ್ಟಿದರು. ತೆಲುಗು, ಹಿಂದಿ ತುಂಬಿದ ಆ ಆಫೀಸಿನಲ್ಲಿ ಕನ್ನಡ ಮಾತಾಡುವವರು ಅವರಿಬ್ಬರೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಷಯನಿಗೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೂ ಅವರೇ. ಆ ಒಂದು ಮಾತಿನಿಂದ ಮೆಟ್ರೋದಲ್ಲಿ ಮಿಯಾಪುರದವರೆಗೆ ನಿಂತೇ ಹೋದರೂ ಅವನಿಗೆ ಕಾಲು ನೋಯಲಿಲ್ಲ.

ಆದರೆ ಗುರುವಾರ ಬಳಕೆಯ ಲೆಕ್ಕ ನೋಡುತ್ತಾನೆ, ಎಲ್ಲರೂ ಹೊಸದಕ್ಕೆ ಬಂದಿದ್ದಾರೆ, ವೇದವತಿ ಮಾತ್ರ ಇನ್ನೂ ಹಳೆಯದನ್ನೇ ನಡೆಸುತ್ತಿದ್ದಾರೆ. ಅವನಿಗೆ ಮುಖಕ್ಕೆ ಹೊಡೆದಂತಾಯಿತು. ತಾವು ಕಟ್ಟಿದ್ದನ್ನು ಬೇರೆಯವನು ಕೆಡವಿ ಕಟ್ಟಿದ್ದಕ್ಕೆ ಅವರಿಗೆ ಒಳಗೊಳಗೇ ನೋವಾಗಿರಬೇಕು. ಬೆನ್ನು ತಟ್ಟಿದ್ದು ಬರೀ ಉಪಚಾರ. ಮಧ್ಯಾಹ್ನ ಅವರ ಮೇಜಿನ ಹತ್ತಿರ ಹೋಗಿ ನಿಂತ.

“ಅಕ್ಕಾ, ನಿಮಗ ಹೊಸಾದು ಮನಸಿಗೆ ಬಂದಿಲ್ಲೇನ್ರಿ? ಖರೇ ಹೇಳ್ರಿ.”

ವೇದವತಿ ಒಂದು ಕಿವಿಯ ಇಯರ್‌ಫೋನ್ ತೆಗೆದು ಅವನ ಕಡೆ ಚಾಚಿದರು. ಅವರ ಮಾನಿಟರ್ ಆರಿತ್ತು. ಅದು ಆರಿಯೇ ಇರುತ್ತಿತ್ತು. ಅವರ ಕಣ್ಣು ಪೂರ್ತಿ ಹೋಗಿ ಕೆಲವು ವರ್ಷಗಳಾಗಿದ್ದವು. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಹಾಕಿಕೊಂಡು ಅವರು ಎಷ್ಟು ಸಲೀಸಾಗಿ ಕೆಲಸ ಮಾಡುತ್ತಿದ್ದರೆಂದರೆ ಅಕ್ಕಪಕ್ಕದವರಿಗೆ ಅದು ಮರೆತೇಹೋಗುತ್ತಿತ್ತು. ಅವರು ಹೊಸ ಜರಡಿಯನ್ನು ಓಡಿಸಿದರು. ಅಕ್ಷಯನ ಕಿವಿಯಲ್ಲಿ ಒಂದು ಇಂಗ್ಲಿಷ್ ಹೆಣ್ಣುದನಿ ಉಸಿರು ಬಿಡದೆ ಹೇಳತೊಡಗಿತು: ಒನ್ ಪರ್ಸೆಂಟ್, ಡ್ಯಾಶ್, ಡ್ಯಾಶ್, ಟೂ ಪರ್ಸೆಂಟ್, ಡ್ಯಾಶ್, ಡ್ಯಾಶ್, ಡ್ಯಾಶ್... ಕೊನೆಗೆ, ಡಾಟ್. ಆಮೇಲೆ ಸದ್ದಿಲ್ಲ.

“ಪಾಸಾತೋ, ಫೇಲಾತೋ?” ಎಂದು ಅವರೇ ಕೇಳಿದರು. “ಚುಕ್ಕಿ ಬಣ್ಣ ಅದು ಹೇಳಂಗಿಲ್ಲ.”

ಅಕ್ಷಯ ಇಯರ್‌ಫೋನ್ ಕಿವಿಯಿಂದ ತೆಗೆದ. “ಅವತ್ತ ಯಾಕ ಹೇಳ್ಲಿಲ್ರಿ, ಅಕ್ಕಾ?”

“ಎಲ್ಲಾರೂ ಚಪ್ಪಾಳಿ ಹೊಡ್ಯಾಕತ್ತಿದ್ರು. ನಿನ್ನ ದನಿಯಾಗ ಅಷ್ಟು ಖುಷಿ ಇತ್ತು. ಅದರಾಗ ನಾ ಎಲ್ಲಿ ಬಾಯಿ ಹಾಕ್ಲಿ?” ವೇದವತಿ ನಕ್ಕರು. “ಹಳೇದು ನಂದು ಅಂತ ಹಿಡ್ಕೊಂಡು ಕೂತಿಲ್ಲೋ. ಅದು ನಿಧಾನ ಆಗೇತಿ ಅಂತ ನನಗೂ ಗೊತ್ತೈತಿ. ಮ್ಯಾನೇಜರ್‌ಗೆ ಹೇಳೀನಿ, ಸೋಮವಾರದಿಂದ ಹೊಸಾ ಮಂದಿಗೆ ಟ್ರೇನಿಂಗ್ ಕೊಡ್ತೀನಿ ಅಂತ. ಕೋಡ್ ಬರದದ್ದು ಸಾಕಾತು.”

ಸಾಕಾಗಿಲ್ಲವೆಂಬುದು ಅವರ ಬೆರಳುಗಳಲ್ಲೇ ಗೊತ್ತಾಗುತ್ತಿತ್ತು. ಮಾತಾಡುವಾಗಲೂ ಅವು ಕೀಲಿಗಳ ಮೇಲೆಯೇ ಇದ್ದವು. ಅಕ್ಷಯ ತನ್ನ ಜಾಗಕ್ಕೆ ಹೋಗಿ ಮಾನಿಟರ್ ಆರಿಸಿದ, ಅದೇ ಸಾಫ್ಟ್‌ವೇರ್ ಹಾಕಿಕೊಂಡು ಇಯರ್‌ಫೋನ್ ಸಿಕ್ಕಿಸಿದ. ಸಂಜೆಯವರೆಗೂ ತಾನೇ ಬರೆದ ಜರಡಿಯೊಳಗೆ ದಾರಿ ತಪ್ಪಿ ತಪ್ಪಿ ಅಲೆದ.

ಭಾನುವಾರ ಬೆಳಿಗ್ಗೆ ಅವನು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ, ಮೆಟ್ರೋ ಇಳಿದು ಆಟೋ ಹಿಡಿದು ಕುಷಾಯಿಗೂಡದ ಅವರ ಮನೆಗೆ ಹೋದ. ವೇದವತಿಯ ತಾಯಿ ಸಾವಿತ್ರಿಬಾಯಿ ಬಾಗಿಲು ತೆಗೆದು, “ಬಾಪ್ಪಾ, ನಾಷ್ಟಾ ಆಗೇತೇನು?” ಎಂದವರು ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಒಗ್ಗರಣೆಗೆ ಎಣ್ಣೆ ಇಟ್ಟರು.

“ಅಕ್ಕಾ, ಇದನ್ನೊಂದು ನೋಡ್ರಿ,” ಎಂದು ಅಕ್ಷಯ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟ. “ಇಯರ್‌ಫೋನ್ ಬ್ಯಾಡ. ನನಗೂ ಕೇಳ್ಲಿ.”

ವೇದವತಿ ಬೇಕೆಂದೇ ಒಂದು ತಪ್ಪು ಸೇರಿಸಿ ಜರಡಿಯನ್ನು ಓಡಿಸಿದರು. ಪರ್ಸೆಂಟ್ ಇಲ್ಲ, ಡ್ಯಾಶ್ ಇಲ್ಲ. ಸ್ವಲ್ಪ ಹೊತ್ತು ಮೌನ. ಆಮೇಲೆ ಆ ದನಿ ಯಾವ ಫೈಲು, ಯಾವ ಸಾಲು, ಏನು ತಪ್ಪು ಎಂದು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಾಯಿತು. ಅವರ ಹುಬ್ಬು ಮೇಲೇರಿತು. ತಪ್ಪು ತಿದ್ದಿ ಮತ್ತೆ ಓಡಿಸಿದರು.

“ಆತ್ರಿ,” ಎಂದಿತು ದನಿ.

ವೇದವತಿಯ ಬೆರಳುಗಳು ನಿಂತವು. “ಏನಂತು ಅದು?”

“ಪಾಸಾತು ಅಂತ್ರಿ. ಆ ದನಿಗೆ ಕನ್ನಡ ಬಾಯಿಗೆ ಬರವಲ್ದಾಗಿತ್ತು. ಇಂಗ್ಲಿಷ್ ಅಕ್ಷರ ಹಿಂದ ಮುಂದ ಮಾಡಿ ಮಾಡಿ ಹೊಂದಿಸಿದೆ.”

“ಬರೇ ‘ಆತು’ ಅಂದಿದ್ರ ಸಾಕಾಗ್ತಿತ್ತಲ್ಲೋ.”

“ನಿಮಗ ಹಂಗ ಅನ್ನಾಕ ಆಕ್ಕೈತೇನ್ರಿ?”

ವೇದವತಿ ಲ್ಯಾಪ್‌ಟಾಪನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ನಾಳೆ ಮ್ಯಾನೇಜರ್‌ಗೆ ಹೇಳ್ತೀನಿ, ಟ್ರೇನಿಂಗ್ ಬ್ಯಾರೆ ಯಾರರೆ ನೋಡ್ಕೊಳ್ಳಲಿ ಅಂತ,” ಎಂದು, ತಿದ್ದುವುದಕ್ಕೆ ಏನೂ ಇಲ್ಲದಿದ್ದರೂ ಜರಡಿಯನ್ನು ಇನ್ನೊಮ್ಮೆ ಓಡಿಸಿದರು. ಮತ್ತೊಮ್ಮೆ ಓಡಿಸಿದರು.

“ಆತ್ರಿ.”

“ಆತ್ರಿ.”

ಎರಡು ತಟ್ಟೆ ಒಗ್ಗರಣೆ ಅವಲಕ್ಕಿ ಹಿಡಿದು ಬಂದ ಸಾವಿತ್ರಿಬಾಯಿ ಬಾಗಿಲಲ್ಲೇ ನಿಂತು ಕೋಣೆಯೆಲ್ಲ ನೋಡಿದರು.

“ಇನ್ನೊಬ್ಬಾಕಿ ಬಂದಾಳೇನ? ಮೊದಲ ಹೇಳಬಾರದಾ,” ಎಂದು ಅವರು ಮತ್ತೊಂದು ತಟ್ಟೆ ತರಲು ಒಳಗೆ ಹೋದರು.