ಊರು ಉಳಿಸಿದ ಮೀಸೆ

ಓಟ್ಮಾರ್ ಕನ್ನಡಿಯ ಮುಂದೆ ಕೂತು ಮೀಸೆಗೆ ಮೇಣ ತೀಡುತ್ತಿದ್ದಾಗ, ಪುರಸಭೆಯ ಹಳೆಯ ಕಡತಗಳನ್ನು ನೋಡಿಕೊಳ್ಳುವ ಫ್ರೀಡರುನ್ ಬಾಗಿಲು ಕೂಡ ತಟ್ಟದೆ ಒಳನುಗ್ಗಿದಳು.

“ಓಟ್ಮಾರ್ ಮಾಮ, ಸ್ವೀಡನ್ ಸೈನ್ಯಾನ ಓಡಿಸಿದ್ದು ನಮ್ಮ ಮೇಯರ್ ಅಲ್ವೇ ಅಲ್ಲ!”

ಮೇಣದ ಬೆರಳು ಅಲ್ಲೇ ನಿಂತಿತು. ನಾಳೆಯೇ ಹಬ್ಬ. ಮುನ್ನೂರ ತೊಂಬತ್ತು ವರ್ಷಗಳ ಹಿಂದೆ ವೈರಿಗಳು ಹೋಲ್ಡರ್‌ಬಾಖ್ ಪಟ್ಟಣದ ಕೋಟೆಬಾಗಿಲಿಗೆ ಬಂದದ್ದನ್ನು ಊರವರು ಪ್ರತಿ ಬೇಸಿಗೆಯಲ್ಲೂ ಆಡಿ ತೋರಿಸುತ್ತಾರೆ. ಮೇಯರ್ ಒಬ್ಬನೇ ಕತ್ತಿ ಹಿರಿದು ಗುಡುಗುತ್ತಾನೆ; ವೈರಿಗಳು ಕಾಲಿಗೆ ಬುದ್ಧಿ ಹೇಳುತ್ತಾರೆ. ಮೂವತ್ತೊಂದು ವರ್ಷದಿಂದ ಆ ಮೇಯರ್ ಎಂದರೆ ಓಟ್ಮಾರ್. ಪಾತ್ರಕ್ಕೆಂದೇ ಬೆಳೆಸಿದ ಮೀಸೆಯನ್ನು ಹೆಂಡತಿ ಅತ್ತು ಕರೆದರೂ ತೆಗೆದಿರಲಿಲ್ಲ.

“ಮತ್ಯಾರಮ್ಮ ಓಡಿಸಿದ್ದು?”

“ಬಾಗಿಲು ಕಾಯ್ತಿದ್ದ ವಿಧವೆ, ಅಪೊಲೋನಿಯಾ ಅಂತ. ಪ್ಲೇಗ್ ಬಂದ ಕಡೆ ಆಗೆಲ್ಲ ಹುಲ್ಲಿನ ಕಂತೆ ನೇತುಹಾಕ್ತಿದ್ರಲ್ಲ, ಅದನ್ನೇ ಕೋಟೆಬಾಗಿಲಿಗೆ ಕಟ್ಟಿಬಿಟ್ಲಂತೆ. ಊರಲ್ಲಿ ಒಬ್ಬರಿಗೂ ನೆಗಡಿ ಕೂಡ ಇರ್ಲಿಲ್ಲ!”

“ಮೇಯರ್ ಎಲ್ಲಿದ್ದ?”

“ಬಿಯರ್ ಪೀಪಾಯಿ ಒಳಗೆ.”

“ತುಂಬಿದ್ದೋ, ಖಾಲಿದೋ?”

“ಕೂರೋಕೆ ಜಾಗ ಬೇಕಲ್ಲ ಮಾಮ, ಅವನೇ ಖಾಲಿ ಮಾಡಿರ್ಬೇಕು.”

ಓಟ್ಮಾರ್ ನಗಲಿಲ್ಲ. “ಹಬ್ಬ ಮುಗಿಯೋವರೆಗೂ ಬಾಯಿ ಬಿಡ್ಬೇಡ ಕಣೇ.”

“ಅಪೊಲೋನಿಯಾ ಇಷ್ಟು ವರ್ಷ ಕಾದವಳು. ಇನ್ನೂ ಕಾಯಿಸೋದಾದ್ರೆ ನಿಮ್ಮಿಷ್ಟ,” ಎಂದು ಫ್ರೀಡರುನ್ ಕಡತದಲ್ಲಿ ಸಿಕ್ಕಿದ ಹಳೆಯ ಕಾಗದದ ಪ್ರತಿಯನ್ನು ಮೇಣದ ಡಬ್ಬಿಯ ಪಕ್ಕದಲ್ಲಿಟ್ಟು ಹೋದಳು.

ಮರುದಿನ ಮಧ್ಯಾಹ್ನ ಕಟುಕ ಗುಂಡೋಲ್ಫ್ ಸ್ವೀಡನ್ ಸೇನಾಪತಿಯ ಗರಿಟೋಪಿ ತೊಟ್ಟು, ಮರದ ಕತ್ತಿ ಹಿಡಿದ ನಲವತ್ತು ಸೈನಿಕರೊಡನೆ, ಬಿಯರ್ ಗಾಡಿಯ ಮುದಿ ಕುದುರೆಯೇರಿ ಬಂದ. “ಹೊರಗೆ ಬಾರೋ ಮೇಯರ್!” ಎಂದು ವರ್ಷವರ್ಷದಂತೆ ಅಬ್ಬರಿಸಿದ.

ಕೋಟೆಬಾಗಿಲು ಕಿರ್ರೆಂದಿತು. ಕತ್ತಿ ಬರಲಿಲ್ಲ, ಲಂಗ ಬಂತು, ತಲೆವಸ್ತ್ರ ಬಂತು, ತೋಳತುಂಬ ಹುಲ್ಲು ಬಂತು. ಹುಲ್ಲನ್ನು ಬಾಗಿಲಿಗೆ ಕಟ್ಟಿ, ಆಕೃತಿ ಸೊಂಟ ಹಿಡಿದು ಕೆಮ್ಮಿತು. ಥೇಟ್ ಮುದುಕಿಯ ಧ್ವನಿ: “ನಾನು ಅಪೊಲೋನಿಯಾ ಕಣಪ್ಪಾ, ಬಾಗಿಲು ಕಾಯೋಳು. ಬನ್ನಿ, ಒಳಗೆ ಬನ್ನಿ. ಆಮೇಲೆ ಮೈಯೆಲ್ಲ ಬೊಕ್ಕೆ ಎದ್ರೆ ನನ್ನ ಬೈಬೇಡಿ!”

ಸೈನ್ಯ ಕಿಸಕ್ಕೆಂದಿತು. ಮಾತು ಮರೆತ ಗುಂಡೋಲ್ಫ್ ಕುದುರೆಯ ಮೇಲಿಂದ ಬಾಗಿ ತಲೆವಸ್ತ್ರದೊಳಗೆ ಇಣುಕಿದ. ಆಮೇಲೆ ಮೆಲ್ಲಗೆ ಟೋಪಿ ತೆಗೆದು, “ಹೊರಟ್ವಿ ಅಪೊಲೋನಿಯಮ್ಮಾ,” ಎಂದು ಕುದುರೆ ತಿರುಗಿಸಿದ.

ಮೂವತ್ತೊಂದು ಬೇಸಿಗೆಯ ಬಿಸಿಲನ್ನೇ ಕಾಣದಿದ್ದ ಓಟ್ಮಾರನ ಮೇಲ್ದುಟಿ, ಎಳೆಗೂಸಿನ ಹಾಗೆ ಬೆಳ್ಳಗೆ ಅದುರುತ್ತಿತ್ತು.