ಹಳೇ ಹೃದಯಕ್ಕೆ ಹೊಸ ಕಾವಲು

ಹುಬ್ಬಳ್ಳಿಯ ಕಸ್ತೂರಿಬಾಯಿಯ ಎದೆಯೊಳಗಿನ ಯಂತ್ರಹೃದಯ ಇಂಟರ್ನೆಟ್ಟಿಗೆ ಜೋಡಿಸಿದ್ದು. ತಯಾರಿಸಿದ ಕಂಪನಿ ಅದನ್ನು ಹಳೆಯ ಮಾಡೆಲ್ ಎಂದು ಘೋಷಿಸಿ ಭದ್ರತೆಯ ಅಪ್‌ಡೇಟ್ ನಿಲ್ಲಿಸಿತು. ಅಂದಿನಿಂದ ಯಾರ್ಯಾರೋ ಪುಂಡರು ಒಳಗೆ ನುಗ್ಗಿ ಬಡಿತ ಏರಿಸುತ್ತಿದ್ದರು. ಆಕೆ ಮಲಗಲಿಕ್ಕೂ ಹೆದರುತ್ತಿದ್ದಳು. ಹೊಸ ಹೃದಯ ಕೊಳ್ಳಿರೆಂದು ಕಂಪನಿ ಬಹಳ ಕಾಳಜಿಯಿಂದ ದಿನವೂ ಸಂದೇಶ ಕಳಿಸುತ್ತಿತ್ತು.

ಪಕ್ಕದ ಮನೆಯ ಶಮ್ಶಾದ್, ದೇಶದೇಶಗಳ ಹವ್ಯಾಸಿಗಳು ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ , ಹೊರಗಿನವರನ್ನು ತಡೆಯುವ ಫೈರ್‌ವಾಲ್ ಸಾಫ್ಟ್‌ವೇರನ್ನು ಆ ಹಳೇ ಹೃದಯಕ್ಕೆ ಹಾಕಿಕೊಟ್ಟಳು. ಪುಂಡರ ಕಾಟ ನಿಂತಿತು. ಕಂಪನಿಯ ಕಾಳಜಿಯೂ ನಿಂತಿತು.

ವಾರದೊಳಗೆ ಕಂಪನಿಯ ಅಧಿಕಾರಿ ಬಾಗಿಲಿಗೆ ಬಂದ.

"ಅಮ್ಮಾರ, ನಿಮ್ಮ ಹೃದಯ ಕಂಪನಿ ಮಾತು ಕೇಳವಲ್ದು. ಇದು ಕರಾರಿಗೆ ವಿರುದ್ಧ ಐತ್ರಿ."

"ನೀವ ಕೈಬಿಟ್ಟ ಮ್ಯಾಲ ಅದು ಯಾರ ಮಾತು ಕೇಳಬೇಕಪಾ?" ಎಂದಳು ಕಸ್ತೂರಿಬಾಯಿ.

ಅಧಿಕಾರಿ ಅತ್ತಿತ್ತ ನೋಡಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದ.

"ನಂದೂ ಅದ ಮಾಡೆಲ್ ಐತ್ರಿ. ನನಗೂ ಹಾಕಿಸಿಕೊಡ್ರಿ."