ನಾಲ್ಕು ಒಳ್ಳೆಯ ಮಾತು

“ನಿಮ್ಮ ಮ್ಯಾನೇಜರ್ ಮನುಷ್ಯ ಹೇಗೆ? ಮುಚ್ಚುಮರೆ ಇಲ್ಲದೆ ಹೇಳಿ,” ಎಂದಿತು ಫೋನಿನ ಆ ಕಡೆಯ ದನಿ.

ಪ್ಯಾಕಿಂಗ್ ವಿಭಾಗದ ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. ಸುತ್ತ ನಿಂತಿದ್ದ ಹನ್ನೊಂದು ಜನ ಉಸಿರು ಬಿಗಿಹಿಡಿದರು.

ಮ್ಯಾನೇಜರು ಈ ಬೀಗದ ಕಾರ್ಖಾನೆಗೆ ಬಂದು ಮೂರು ವರ್ಷ. ಬಂದ ವಾರವೇ ಕಕ್ಕಸಿಗೆ ಬೀಗ ಜಡಿಸಿ ಕೀಲಿಯನ್ನು ಜೇಬಿಗಿಳಿಸಿದ್ದರು. ಬೇಕಾದವರು ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಲೇತ್ ಮೆಷಿನ್ನಿನ ಹಿರಿಯ ಒಮ್ಮೆ ‘ಕಾರಣ: ಹುಟ್ಟಿದ್ದೇನೆ’ ಎಂದು ಬರೆದ. ಮೂರು ದಿನ ಅವನಿಗೆ ಕೀಲಿ ಸಿಗಲಿಲ್ಲ.

ಅಕ್ಕನ ಗಾಯ ಇನ್ನೂ ಹಸಿ. ಮಗಳಿಗೆ ಹೆರಿಗೆ ನೋವು ಎಂದು ಅಳುತ್ತ ರಜೆ ಕೇಳಿದಾಗ, “ಹೆರೋದು ಅವಳು ತಾನೆ? ನಿನಗ್ಯಾಕೆ ರಜೆ?” ಎಂದಿದ್ದರು. ಅವಳು ಮೊಮ್ಮಗಳ ಮುಖ ನೋಡುವಷ್ಟರಲ್ಲಿ ಕೂಸಿಗೆ ಎಂಟು ದಿನ ತುಂಬಿತ್ತು.

ನಾಲಿಗೆಯ ತುದಿಗೆ ಬಂದದ್ದು ಬೇರೆ, ಬಾಯಿಂದ ಹೊರಟದ್ದು ಬೇರೆ.

“ನನ್ನ ಮಗಳ ಹೆರಿಗೆ ಸಮಯದಲ್ಲಿ ಅವರು ನಡ್ಕೊಂಡ ರೀತಿನ ಸಾಯೋವರೆಗೂ ಮರೆಯಲ್ಲ ಸಾರ್.”

“ಅಷ್ಟು ಒಳ್ಳೆಯವರಾ?”

“ಅಂಥವರನ್ನ ಇನ್ನೊಬ್ಬರನ್ನ ನಾನು ನೋಡಿಲ್ಲ. ಅವರು ಹೊರಟ ದಿನ ಇಲ್ಲಿ ಯಾರೂ ಕೆಲಸ ಮಾಡೋ ಸ್ಥಿತೀಲಿ ಇರಲ್ಲ.”

ಫೋನಿಟ್ಟವಳೇ ಕಿಟಕಿಯಾಚೆ ಬಾಯಿ ಮುಕ್ಕಳಿಸಿ ಉಗಿದಳು.

ಯಾವುದೋ ದೊಡ್ಡ ಕಂಪನಿ ಮ್ಯಾನೇಜರಿಗೆ ಗಾಳ ಹಾಕಿತ್ತು. ಕೆಲಸ ಕೊಡುವ ಮೊದಲು ಕೈಕೆಳಗಿನವರನ್ನೇ ವಿಚಾರಿಸುವುದು ಅಲ್ಲಿನ ಪದ್ಧತಿ. ಸುದ್ದಿ ತಂದ ಲೇತ್ ಹಿರಿಯ ಅವತ್ತೇ ಎಲ್ಲರಿಗೂ ಪಾಠ ಹೇಳಿದ್ದ: “ದೂರು ಬರೆದೂ ಬರೆದೂ ಕೈ ಸೋತಿದೆ. ಬೈದರೆ ಇಲ್ಲೇ ಇರ್ತಾನೆ. ಹೊಗಳಿದರೆ ತೊಲಗ್ತಾನೆ.”

ಮುಂದಿನ ಕರೆ ವೆಲ್ಡರನಿಗೆ ಬಂತು. “ಅವರ ಕೈಕೆಳಗೆ ಒಂದು ವರ್ಷ ಇದ್ದರೆ ಸಾಕು ಸಾರ್,” ಎಂದ ಅವನು, “ಮನುಷ್ಯ ಆಮೇಲೆ ಏನನ್ನ ಬೇಕಾದರೂ ಸಹಿಸ್ತಾನೆ.”

ಹದಿನೈದು ದಿನಕ್ಕೆ ಮ್ಯಾನೇಜರು ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆಯ ದಿನ ಚಪ್ಪಾಳೆ ನಿಲ್ಲಲೊಲ್ಲದು. ಅವರು ಕಣ್ಣೊರೆಸಿಕೊಂಡರು.

“ನಿಮಗೆ ನನ್ನ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತೇ ಇರಲಿಲ್ಲ. ನೀವು ಹೂಂ ಅಂದರೆ ಇಲ್ಲೇ ಉಳ್ಕೋತೀನಿ.”

ಚಪ್ಪಾಳೆ ಥಟ್ಟನೆ ನಿಂತಿತು.

“ಬೇಡ ಸಾರ್. ನಿಮ್ಮ ಏಳಿಗೆಗೆ ನಾವು ಅಡ್ಡ ಬರಬಾರದು,” ಎಂದ ಅಕ್ಕ, ಅವರ ಚೀಲವನ್ನು ತಾನೇ ಹೊತ್ತು ಕಾರಿನಲ್ಲಿಟ್ಟು ಬಾಗಿಲು ಹಾಕಿದಳು.

ಸೋಮವಾರ ಮಾಲೀಕರು ಹೊಸ ಮ್ಯಾನೇಜರನ್ನು ಕರೆತಂದರು. ನಗುಮುಖ, ತಗ್ಗಿದ ದನಿ. ಒಬ್ಬೊಬ್ಬರ ಎದುರೂ ನಿಂತು ಕೈ ಮುಗಿದರು. ಅಕ್ಕನ ಹತ್ತಿರ ಬಂದು, “ಮನೇಲಿ ಎಲ್ಲ ಚೆನ್ನಾಗಿದಾರಾ ಅಮ್ಮ?” ಎಂದಾಗ ಅವಳು ಫೋನಿನಲ್ಲಿದ್ದ ಮೊಮ್ಮಗಳ ಫೋಟೊ ತೆಗೆದು ತೋರಿಸಿದಳು. ಮೂರು ವರ್ಷದಲ್ಲಿ ಹಾಗೆ ಕೇಳಿದವರಿರಲಿಲ್ಲ. “ಬದುಕಿದೆವು,” ಎಂದು ಲೇತ್ ಹಿರಿಯ ವೆಲ್ಡರನ ಕಿವಿಯಲ್ಲಿ ಪಿಸುಗುಟ್ಟಿದ.

ಮಾಲೀಕರು ಹೆಮ್ಮೆಯಿಂದ ಎದೆಯುಬ್ಬಿಸಿದರು. “ಇವರನ್ನ ಸುಮ್ಮನೆ ಆರಿಸ್ಕೊಂಡಿಲ್ಲ. ಹಳೇ ಕಂಪನಿಯ ಕೆಲಸಗಾರರಿಗೆ ನಾನೇ ಫೋನ್ ಮಾಡಿ ಕೇಳಿದೀನಿ. ಒಬ್ಬೊಬ್ಬರೂ ದೇವರಂಥ ಮನುಷ್ಯ ಅಂದರು. ಯಾವತ್ತು ಕರ್ಕೊಂಡು ಹೋಗ್ತೀರಿ ಅಂತ ಎರಡೆರಡು ಸಲ ಕೇಳಿದರು!”